ಸಾಲ್‌ಖನ್ ಪಳೆಯುಳಿಕೆ ಉದ್ಯಾನ: ಕಾಶಿಯಿಂದ ಒಂದು ದಿನದ ದಾರಿ, 160 ಕೋಟಿ ವರ್ಷದ ಬಂಡೆ, ನೋಡಿ ಬನ್ನಿ, ಕಲ್ಲು ತರಬೇಡಿ

ವಾರಾಣಸಿಯ ಸೋನಾರ್‌ಪುರ ಕನ್ನಡಿಗರಿಗೆ ಹೊಸ ಜಾಗವಲ್ಲ. ಹನುಮಾನ್ ಘಾಟ್, ಕರ್ನಾಟಕ ಘಾಟ್, ಹರಿಶ್ಚಂದ್ರ ಘಾಟ್, ಕೇದಾರ ಘಾಟ್‌ಗಳಿಗೆ ಇಳಿಯುವ ಗಲ್ಲಿಗಳು ಈ ಬಡಾವಣೆಯ ಆಸುಪಾಸಿನಲ್ಲೇ ಇವೆ. ಗಂಗಾಸ್ನಾನ, ವಿಶ್ವನಾಥನ ದರ್ಶನ, ಜಂಗಮವಾಡಿ ಮಠ, ಸಾರನಾಥ ಮುಗಿಸಿಕೊಂಡು ಹೆಚ್ಚಿನ ಯಾತ್ರಿಕರು ಪ್ರಯಾಗ ಅಥವಾ ಅಯೋಧ್ಯೆಯ ಕಡೆ ಹೊರಡುತ್ತಾರೆ. ಆದರೆ ಇಲ್ಲಿಂದ ದಕ್ಷಿಣಕ್ಕೆ ಸುಮಾರು 100 ಕಿ.ಮೀ. ಹೋದರೆ ಭೂಮಿಯ ಇತಿಹಾಸದ ಬಹು ಹಳೆಯ ಪುಟವೊಂದು ಬಯಲಿನಲ್ಲೇ ತೆರೆದುಕೊಂಡಿದೆ ಎಂಬುದು ಅನೇಕರಿಗೆ ಗೊತ್ತಿಲ್ಲ.

ಅದೇ ಉತ್ತರ ಪ್ರದೇಶದ ಸೋನ್‌ಭದ್ರ ಜಿಲ್ಲೆಯ ಸಾಲ್‌ಖನ್ ಪಳೆಯುಳಿಕೆ ಉದ್ಯಾನ. ಸುಮಾರು 25 ಹೆಕ್ಟೇರ್ ಪ್ರದೇಶದಲ್ಲಿ ಬಂಡೆಗಳ ಮೇಲೆ ಉಂಗುರದೊಳಗೆ ಉಂಗುರ ಬರೆದಂತೆ ಕಾಣುವ ಗುರುತುಗಳಿವೆ. ಭೂಮಿಯ ಮೇಲೆ ಪ್ರಾಣಿಗಳಾಗಲಿ, ಗಿಡಮರಗಳಾಗಲಿ ಇಲ್ಲದ ಕಾಲದಲ್ಲಿ ಆಳವಿಲ್ಲದ ಸಮುದ್ರದಲ್ಲಿ ಬದುಕಿದ್ದ ಸೂಕ್ಷ್ಮಜೀವಿಗಳು ಕಟ್ಟಿದ ಮನೆಗಳವು. ಭೂವಿಜ್ಞಾನದ ವಿದ್ಯಾರ್ಥಿಗಳಿಗೂ, ಪಳೆಯುಳಿಕೆಗಳಲ್ಲಿ ಆಸಕ್ತಿ ಇರುವ ಸಂಘಗಳಿಗೂ ಇದು ಅಪರೂಪದ ಪ್ರವಾಸ ತಾಣ.

ಇಂಥ ಜಾಗಕ್ಕೆ ಹೋದವರಿಗೆ ಒಂದು ಚೂರು ಕಲ್ಲನ್ನು ನೆನಪಿಗಾಗಿ ಚೀಲಕ್ಕೆ ಹಾಕಿಕೊಳ್ಳೋಣ ಎಂದು ಅನಿಸುವುದು ಸಹಜ. ಹಾಗೆ ಮಾಡಬಾರದು ಏಕೆ? ಕಾನೂನು ಏನು ಹೇಳುತ್ತದೆ? ಕಲ್ಲಿನ ಬದಲು ಏನನ್ನು ತರಬಹುದು? ಪೂರ್ಣ ವಿವರ ಇಲ್ಲಿದೆ.

ಹೋಗುವುದು ಹೇಗೆ?

ಸೋನ್‌ಭದ್ರ ಜಿಲ್ಲೆಯ ಕೇಂದ್ರ ರಾಬರ್ಟ್ಸ್‌ಗಂಜ್. ವಾರಾಣಸಿಯಿಂದ ಶಕ್ತಿನಗರದ ಕಡೆ ಹೋಗುವ ಹೆದ್ದಾರಿಯಲ್ಲಿ ಈ ಊರು ಸಿಗುತ್ತದೆ. ಅಲ್ಲಿಂದ ಮುಂದೆ ಸುಮಾರು 12 ಕಿ.ಮೀ. ದೂರದಲ್ಲಿ ಸಾಲ್‌ಖನ್ ಗ್ರಾಮವಿದೆ. ವಾರಾಣಸಿಯಿಂದ ಕಾರಿನಲ್ಲಿ ಬೆಳಗ್ಗೆ ಬೇಗ ಹೊರಟರೆ ನೋಡಿಕೊಂಡು ರಾತ್ರಿಗೆ ವಾಪಸ್ ಬರಬಹುದು. ರೈಲಿನಲ್ಲಿ ಹೋಗುವವರಿಗೆ ಚುನಾರ್ ಮೂಲಕ ಚೋಪನ್ ಕಡೆಗೆ ಸಾಗುವ ಮಾರ್ಗವಿದೆ.

ಹೋಗಲು ನವೆಂಬರ್‌ನಿಂದ ಮಾರ್ಚ್‌ವರೆಗಿನ ಕಾಲ ಸೂಕ್ತ. ಏಪ್ರಿಲ್ ನಂತರ ಬಿಸಿಲು ವಿಪರೀತ. ಬಂಡೆ ಕಾದು ಕೆಂಡವಾಗುತ್ತದೆ. ಮಳೆಗಾಲದಲ್ಲಿ ಕಲ್ಲು ಜಾರುತ್ತದೆ. ಕುಡಿಯುವ ನೀರು, ಊಟ, ಟೊಪ್ಪಿ ಜೊತೆಗಿರಲಿ. ಬೆಳಗಿನ ಅಥವಾ ಸಂಜೆಯ ಓರೆ ಬಿಸಿಲಿನಲ್ಲಿ ಬಂಡೆಯ ಮೇಲಿನ ಗೆರೆಗಳು ಚೆನ್ನಾಗಿ ಕಾಣುತ್ತವೆ. ನಡು ಮಧ್ಯಾಹ್ನದ ಬೆಳಕಿನಲ್ಲಿ ಎಲ್ಲವೂ ಮಸುಕು. ಬಂಡೆಯ ಮೇಲೆ ಸ್ವಲ್ಪ ನೀರು ಚಿಮುಕಿಸಿದರೂ ಗೆರೆಗಳು ಎದ್ದು ಕಾಣುತ್ತವೆ.

ಘಾಟ್‌ನ ಮೆಟ್ಟಿಲಿನಲ್ಲೇ ಶುರು

ಸಾಲ್‌ಖನ್‌ನ ಬಂಡೆಗಳು ವಿಂಧ್ಯ ಶಿಲಾಸಮೂಹಕ್ಕೆ ಸೇರಿದವು. ಕಾಶಿಗೆ ಹೋದ ಪ್ರತಿಯೊಬ್ಬರೂ ತಮಗೆ ತಿಳಿಯದೆಯೇ ಈ ಸಮೂಹದ ಕಲ್ಲನ್ನು ತುಳಿದಿರುತ್ತಾರೆ. ಗಂಗೆಯ ಘಾಟ್‌ಗಳನ್ನು ಕಟ್ಟಲು ಬಳಕೆಯಾಗಿರುವುದು ಹೆಚ್ಚಾಗಿ ಚುನಾರ್‌ನ ಮರಳುಗಲ್ಲು. ಅದು ವಿಂಧ್ಯ ಸಮೂಹದ ಕಲ್ಲೇ. ಸಾರನಾಥದ ಅಶೋಕ ಸ್ತಂಭದ ಸಿಂಹಗಳನ್ನು ಕಡೆದಿರುವುದೂ ಚುನಾರ್ ಕಲ್ಲಿನಲ್ಲಿ.

ಚುನಾರ್ ಕಲ್ಲು ವಿಂಧ್ಯ ಸಮೂಹದ ಮೇಲಿನ ಪದರಗಳದು. ಸೋನ್ ನದಿಯ ಕಣಿವೆಯ ಕಡೆಗೆ ಹೋದಂತೆ ಇನ್ನೂ ಹಳೆಯ, ಕೆಳಗಿನ ಪದರಗಳು ನೆಲದ ಮೇಲೆ ಕಾಣಸಿಗುತ್ತವೆ. ರಾಬರ್ಟ್ಸ್‌ಗಂಜ್ ದಾಟಿ ಮಾರಕುಂಡಿ ಘಾಟಿಯ ತಿರುವುಗಳನ್ನು ಇಳಿಯುವಾಗ ವಾಹನ ಕೆಳಗಿಳಿಯುತ್ತದೆ, ಕಾಲವೂ ಹಿಂದಕ್ಕೆ ಸರಿಯುತ್ತದೆ. ಅಲ್ಲಿ ಸಿಗುವ ಸುಣ್ಣದಕಲ್ಲಿನ ಒಂದು ಪದರಕ್ಕೆ ಭೂವಿಜ್ಞಾನಿಗಳು ಈ ಗ್ರಾಮದ ಹೆಸರನ್ನೇ ಇಟ್ಟು ‘ಸಾಲ್‌ಖನ್ ಸುಣ್ಣದಕಲ್ಲು’ ಎನ್ನುತ್ತಾರೆ.

ಬಂಡೆಯ ಮೇಲಿನ ಉಂಗುರಗಳು ಏನು?

ಈರುಳ್ಳಿಯನ್ನು ಅಡ್ಡ ಕೊಯ್ದರೆ ಹೇಗೆ ಕಾಣುತ್ತದೋ ಸಾಲ್‌ಖನ್‌ನ ಬಂಡೆಗಳು ಹಾಗೆ ಕಾಣುತ್ತವೆ. ಇವುಗಳಿಗೆ ‘ಸ್ಟ್ರೋಮಟೊಲೈಟ್’ ಎಂದು ಹೆಸರು. ಇದು ಎಲುಬು, ಚಿಪ್ಪು ಅಥವಾ ಎಲೆ ಕಲ್ಲಾಗಿ ಉಳಿದ ಪಳೆಯುಳಿಕೆಯಲ್ಲ. ಜೀವಿಗಳು ಕಟ್ಟಿದ ರಚನೆ ಕಲ್ಲಾಗಿ ಉಳಿದದ್ದು. ಹುತ್ತ ಸಿಕ್ಕರೆ ಗೆದ್ದಲು ಇತ್ತು ಎಂದು ಹೇಳುವಂತೆ, ಸ್ಟ್ರೋಮಟೊಲೈಟ್ ಸಿಕ್ಕರೆ ಸೂಕ್ಷ್ಮಜೀವಿಗಳು ಇದ್ದವು ಎಂದು ಹೇಳಬಹುದು.

ಇದನ್ನು ಕಟ್ಟಿದವುಗಳಲ್ಲಿ ಮುಖ್ಯವಾದವು ಸಯನೋಬ್ಯಾಕ್ಟೀರಿಯಾಗಳು. ಆಳವಿಲ್ಲದ ನೀರಿನ ತಳದಲ್ಲಿ ಇವು ಲೋಳೆಯಂಥ ತೆಳು ಚಾಪೆ ಹಾಸುತ್ತವೆ. ನೀರಿನಲ್ಲಿ ತೇಲಿಬರುವ ಸಣ್ಣ ಕಣಗಳು ಆ ಲೋಳೆಗೆ ಅಂಟಿಕೊಳ್ಳುತ್ತವೆ. ನೀರಿನಲ್ಲಿ ಕರಗಿರುವ ಸುಣ್ಣವೂ ಅಲ್ಲೇ ಕೂರುತ್ತದೆ. ಬೆಳಕು ಮರೆಯಾದಂತೆ ಜೀವಿಗಳು ಮೇಲಕ್ಕೆ ಸರಿದು ಹೊಸ ಚಾಪೆ ಹಾಸುತ್ತವೆ. ಹೀಗೆ ಪದರದ ಮೇಲೆ ಪದರ ಸೇರಿ ಗುಮ್ಮಟ, ಕಂಬ, ಶಂಕುವಿನ ಆಕಾರ ಬೆಳೆಯುತ್ತದೆ. ಗಾಳಿಮಳೆಗೆ ಮೇಲ್ಭಾಗ ಸವೆದ ಬಂಡೆಯಲ್ಲಿ ಅದರ ಅಡ್ಡಕೊಯ್ತ ಕಾಣುವುದರಿಂದ ಉಂಗುರಗಳಂತೆ ತೋರುತ್ತದೆ.

ಸ್ಟ್ರೋಮಟೊಲೈಟ್‌ಗಳು ಇಂದಿಗೂ ಕೆಲವೆಡೆ ಬೆಳೆಯುತ್ತಿವೆ. ಪಶ್ಚಿಮ ಆಸ್ಟ್ರೇಲಿಯಾದ ಶಾರ್ಕ್ ಬೇ ಅದಕ್ಕೆ ಪ್ರಸಿದ್ಧ. ಅಲ್ಲಿನ ನೀರಿನಲ್ಲಿ ಉಪ್ಪಿನಂಶ ಬಹಳ ಹೆಚ್ಚು. ಈ ಚಾಪೆಗಳನ್ನು ಮೇಯುವ ಬಸವನಹುಳುವಿನಂಥ ಪ್ರಾಣಿಗಳು ಅಲ್ಲಿ ಬದುಕುವುದು ಕಷ್ಟ. ಹಾಗಾಗಿ ಅವು ಉಳಿದಿವೆ. ಅಲ್ಲಿ ಅವು ವರ್ಷಕ್ಕೆ ಬೆಳೆಯುವುದು ಸುಮಾರು 0.3 ಮಿಲಿಮೀಟರ್. ಆ ಲೆಕ್ಕದಲ್ಲಿ ಒಂದು ಅಡಿ ಬೆಳೆಯಲು ಸಾವಿರ ವರ್ಷ ಬೇಕು. ಸಾಲ್‌ಖನ್‌ನ ಸಮುದ್ರದಲ್ಲಿ ಇವುಗಳನ್ನು ಮೇಯುವ ಯಾವ ಪ್ರಾಣಿಯೂ ಇನ್ನೂ ಹುಟ್ಟಿರಲಿಲ್ಲ.

ಪಳೆಯುಳಿಕೆ ಎಂದರೆ ಕನ್ನಡಿಗರ ಮನೆಗೆ ಹೊರಗಿನದೇನಲ್ಲ. ನೇಪಾಳದ ಗಂಡಕಿ ನದಿಯಿಂದ ಬಂದು ದೇವರ ಪೆಟ್ಟಿಗೆಯಲ್ಲಿ ಪೂಜೆಗೊಳ್ಳುವ ಸಾಲಿಗ್ರಾಮ ಶಿಲೆಯೊಳಗಿನ ಸುರುಳಿ, ಭೂವಿಜ್ಞಾನದ ಪ್ರಕಾರ ಅಮೋನೈಟ್ ಎಂಬ ಸಮುದ್ರಜೀವಿಯ ಪಳೆಯುಳಿಕೆ. ಸಾಲ್‌ಖನ್‌ನ ಉಂಗುರಗಳು ಅದಕ್ಕಿಂತ ಸುಮಾರು ಹತ್ತು ಪಟ್ಟು ಹಳೆಯವು.

ಮೊದಲು ಗುರುತಿಸಿದವರು

ಈ ಪ್ರದೇಶದ ಬಂಡೆಗಳ ಬಗ್ಗೆ ವಿಸ್ತಾರವಾಗಿ ಬರೆದವರು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ಜೆ.ಬಿ. ಆಡೆನ್. ಸೋನ್ ಕಣಿವೆಯ ವಿಂಧ್ಯ ಶಿಲೆಗಳ ಕುರಿತ ಅವರ ಗ್ರಂಥ ಹೊರಬಂದದ್ದು 1933ರಲ್ಲಿ. ಇಂಗ್ಲಿಷ್ ಕವಿ ಡಬ್ಲ್ಯು.ಎಚ್. ಆಡೆನ್ ಅವರ ಅಣ್ಣ ಇವರು. ಮುಂದೆ 1958 ಮತ್ತು 1965ರಲ್ಲಿ ಮಾಥುರ್, 1980ರ ಆಸುಪಾಸಿನಲ್ಲಿ ಲಖನೌದ ಪ್ರೊ. ಎಸ್. ಕುಮಾರ್ ಇಲ್ಲಿನ ಸ್ಟ್ರೋಮಟೊಲೈಟ್‌ಗಳ ಅಧ್ಯಯನ ನಡೆಸಿದರು.

2002ರ ಆಗಸ್ಟ್ 8ರಂದು ಜಿಲ್ಲಾಡಳಿತ ಇದನ್ನು ಅಧಿಕೃತವಾಗಿ ಪಳೆಯುಳಿಕೆ ಉದ್ಯಾನವಾಗಿ ಉದ್ಘಾಟಿಸಿತು. ಅದೇ ವರ್ಷ ಡಿಸೆಂಬರ್‌ನಲ್ಲಿ ಅಂತಾರಾಷ್ಟ್ರೀಯ ಕಾರ್ಯಾಗಾರಕ್ಕೆ ಬಂದಿದ್ದ ಕೆನಡಾದ ಹೆಸರಾಂತ ತಜ್ಞ ಎಚ್.ಜೆ. ಹಾಫ್‌ಮನ್ ಇಲ್ಲಿನ ಪಳೆಯುಳಿಕೆಗಳ ಸ್ಪಷ್ಟತೆಯನ್ನು ಮೆಚ್ಚಿಕೊಂಡರು. 2025ರಲ್ಲಿ ಸಾಲ್‌ಖನ್ ಯುನೆಸ್ಕೊ ವಿಶ್ವ ಪರಂಪರೆಯ ತಾತ್ಕಾಲಿಕ ಪಟ್ಟಿಗೆ ಸೇರಿತು. ತಾತ್ಕಾಲಿಕ ಪಟ್ಟಿ ಎಂದರೆ ಮಾನ್ಯತೆ ಸಿಕ್ಕಿದಂತಲ್ಲ. ಮುಂದೆ ನಾಮನಿರ್ದೇಶನ ಸಲ್ಲಿಸಲು ಇದು ಮೊದಲ ಮೆಟ್ಟಿಲು.

2020ರ ಫೆಬ್ರುವರಿಯಲ್ಲಿ ಸೋನ್‌ಭದ್ರ ಜಿಲ್ಲೆ ಬೇರೊಂದು ಕಾರಣಕ್ಕೆ ದೇಶದ ಗಮನ ಸೆಳೆದಿತ್ತು. ಇಲ್ಲಿ 3,000 ಟನ್‌ಗೂ ಹೆಚ್ಚು ಚಿನ್ನವಿದೆ ಎಂಬ ಸುದ್ದಿ ಹಬ್ಬಿತು. ಕೊನೆಗೆ ಭೂವೈಜ್ಞಾನಿಕ ಸರ್ವೇಕ್ಷಣೆಯೇ ಮುಂದೆ ಬಂದು, ಅಂದಾಜಿನಂತೆ ಅದಿರಿನಿಂದ ತೆಗೆಯಬಹುದಾದ ಚಿನ್ನ ಸುಮಾರು 160 ಕೆ.ಜಿ. ಮಾತ್ರ ಎಂದು ಸ್ಪಷ್ಟಪಡಿಸಿತು. ಆ ಗದ್ದಲದಲ್ಲಿ ಇದೇ ಜಿಲ್ಲೆಯ ಸಾಲ್‌ಖನ್ ಬಗ್ಗೆ ವಿಚಾರಿಸಿದವರು ಕಡಿಮೆ.

140 ಕೋಟಿಯೋ, 160 ಕೋಟಿಯೋ?

ಸಾಲ್‌ಖನ್ ಪಳೆಯುಳಿಕೆಗಳ ವಯಸ್ಸು 140 ಕೋಟಿ ವರ್ಷ ಎಂದು ಹಲವೆಡೆ ಬರೆದಿರುವುದನ್ನು ಕಾಣಬಹುದು. ಇದು ಹಿಂದಿನ ಅಂದಾಜು. ಸುಣ್ಣದಕಲ್ಲಿನ ವಯಸ್ಸನ್ನು ನೇರವಾಗಿ ಅಳೆಯುವುದು ಕಷ್ಟ. ಆದರೆ ಅದರ ಕೆಳಗೂ ಮೇಲೂ ಜ್ವಾಲಾಮುಖಿಯ ಬೂದಿಯಿಂದಾದ ಪದರಗಳಿವೆ. ಆ ಬೂದಿಯಲ್ಲಿ ಜಿರ್ಕಾನ್ ಎಂಬ ಸಣ್ಣ ಹರಳುಗಳು ಸಿಗುತ್ತವೆ. ಹರಳಿನೊಳಗಿನ ಯುರೇನಿಯಂ ಒಂದು ನಿಶ್ಚಿತ ವೇಗದಲ್ಲಿ ಸೀಸವಾಗಿ ಬದಲಾಗುತ್ತದೆ. ಎರಡರ ಪ್ರಮಾಣ ಅಳೆದರೆ ಬೂದಿ ಬಿದ್ದ ಕಾಲ ತಿಳಿಯುತ್ತದೆ.

2002ರಲ್ಲಿ ಎರಡು ತಂಡಗಳು ಪ್ರತ್ಯೇಕವಾಗಿ ಸೋನ್ ಕಣಿವೆಯ ಬೂದಿ ಪದರಗಳ ವಯಸ್ಸನ್ನು ಪ್ರಕಟಿಸಿದವು. ಸಾಲ್‌ಖನ್ ಸುಣ್ಣದಕಲ್ಲಿನ ಕೆಳಗಿನ ಪದರಕ್ಕೆ ಸುಮಾರು 163 ಕೋಟಿ ವರ್ಷ, ಮೇಲಿನ ಪದರಕ್ಕೆ ಸುಮಾರು 160 ಕೋಟಿ ವರ್ಷ. ಎರಡರ ನಡುವೆ ಇರುವ ಸಾಲ್‌ಖನ್ ಬಂಡೆಯ ವಯಸ್ಸೂ ಈ ಎರಡರ ನಡುವೆಯೇ ಇರಬೇಕು.

ಗಮನಿಸಬೇಕಾದ ಸಂಗತಿ ಇಲ್ಲೇ ಇದೆ. ಬಂಡೆ ತಾನಿರುವ ಜಾಗದಲ್ಲಿ, ಯಾವ ಪದರದ ಮೇಲೆ, ಯಾವ ಪದರದ ಕೆಳಗೆ ಇದೆ ಎಂಬುದು ಗೊತ್ತಿದ್ದುದರಿಂದಲೇ ಅದರ ವಯಸ್ಸು ತಿಳಿಯಿತು. ಅದೇ ಬಂಡೆಯಿಂದ ಒಡೆದು ಮನೆಯ ಶೋಕೇಸ್‌ನಲ್ಲಿಟ್ಟ ಚೂರಿಗೆ ಮೇಲೂ ಇಲ್ಲ, ಕೆಳಗೂ ಇಲ್ಲ.

ಕಲ್ಲು ಎತ್ತಿದರೆ ಏನು ಕಳೆದುಹೋಗುತ್ತದೆ?

ಸ್ಟ್ರೋಮಟೊಲೈಟ್‌ನ ಉಬ್ಬು ಯಾವ ಕಡೆಗಿದೆಯೋ ಅದು ಅಂದಿನ ಆಕಾಶದ ದಿಕ್ಕು. ಇದರಿಂದ ಪದರಗಳು ಬುಡಮೇಲಾಗಿವೆಯೇ ಎಂದು ಹೇಳಬಹುದು. ಉಂಗುರಗಳು ಒಂದೇ ದಿಕ್ಕಿಗೆ ನೀಳವಾಗಿ ಚಾಚಿದ್ದರೆ ಅಂದಿನ ಅಲೆ ಅಥವಾ ಪ್ರವಾಹದ ದಿಕ್ಕಿನ ಸುಳಿವು ಸಿಗುತ್ತದೆ. ಕಂಬಗಳ ನಡುವಿನ ಅಂತರ, ಅಲ್ಲಿ ತುಂಬಿಕೊಂಡಿರುವ ಪುಡಿ, ಪಕ್ಕದ ಪದರದಲ್ಲಿರುವ ಅಲೆಯ ಗುರುತು ಅಥವಾ ಕೆಸರು ಒಣಗಿ ಬಿಟ್ಟ ಬಿರುಕು ಇವೆಲ್ಲ ಸೇರಿ ನೀರು ಎಷ್ಟು ಆಳವಿತ್ತು, ಎಷ್ಟು ಶಾಂತವಾಗಿತ್ತು ಎಂದು ತಿಳಿಸುತ್ತವೆ. ಒಂದು ತುಂಡನ್ನು ಸುತ್ತಿಗೆಯಿಂದ ಎಬ್ಬಿಸಿದ ಕ್ಷಣ ಈ ಮಾಹಿತಿಯೆಲ್ಲ ಹೋಗುತ್ತದೆ. ಉಳಿಯುವುದು ಗೆರೆಗಳಿರುವ ಒಂದು ಕಲ್ಲು ಮಾತ್ರ.

ಪಳೆಯುಳಿಕೆಯ ಜಾಗದ ದಾಖಲೆಗೆ ಎಷ್ಟು ಬೆಲೆ ಇದೆ ಎಂಬುದಕ್ಕೆ ಭಾರತದಲ್ಲೇ ಮೂರು ಉದಾಹರಣೆಗಳಿವೆ. ಅವುಗಳಲ್ಲಿ ಎರಡು ಇದೇ ವಿಂಧ್ಯ ಶಿಲೆಗಳಿಗೆ ಸಂಬಂಧಿಸಿದವು.

ಮೊದಲನೆಯದು: ಹತ್ತು ವರ್ಷ ಕಾಡಿದ ವಿವಾದ

ಡೆಹ್ರಾಡೂನ್‌ನ ವಾಡಿಯಾ ಹಿಮಾಲಯ ಭೂವಿಜ್ಞಾನ ಸಂಸ್ಥೆಯ ಆರ್.ಜೆ. ಆಜ್ಮಿ 1998ರಲ್ಲಿ ವಿಂಧ್ಯದ ಕೆಳ ಪದರಗಳಲ್ಲಿ ಚಿಪ್ಪುಳ್ಳ ಸೂಕ್ಷ್ಮ ಪಳೆಯುಳಿಕೆಗಳನ್ನು ಕಂಡುದಾಗಿ ವರದಿ ಮಾಡಿದರು. ಈ ವರದಿ ಪ್ರಕಟವಾದದ್ದು ಬೆಂಗಳೂರಿನ ಜಿಯಾಲಾಜಿಕಲ್ ಸೊಸೈಟಿ ಆಫ್ ಇಂಡಿಯಾದ ನಿಯತಕಾಲಿಕದಲ್ಲಿ. ಅಂಥ ಜೀವಿಗಳು ಕಾಣಿಸಿಕೊಂಡದ್ದು ಸುಮಾರು 54 ಕೋಟಿ ವರ್ಷದ ಹಿಂದೆ. ಹಾಗಿದ್ದರೆ ಈ ಬಂಡೆಗಳ ವಯಸ್ಸೂ ಅಷ್ಟೇ ಆಗಬೇಕು! ಅಲ್ಲಿಯವರೆಗಿನ ಲೆಕ್ಕವೆಲ್ಲ ತಲೆಕೆಳಗಾಗುವ ಮಾತದು. ಹಲವರು ಅನುಮಾನಿಸಿದರು, ಬೇರೆಯವರ ಪರೀಕ್ಷೆಯಲ್ಲಿ ಅದೇ ಫಲಿತಾಂಶ ಸಿಗಲಿಲ್ಲ. 2002ರಲ್ಲಿ ಬೂದಿ ಪದರಗಳ ವಯಸ್ಸು 160 ಕೋಟಿ ಎಂದಾಗ ಗೊಂದಲ ಇನ್ನೂ ಹೆಚ್ಚಿತು.

ಸ್ವೀಡನ್‌ನ ಸ್ಟೆಫಾನ್ ಬೆಂಗ್ಟ್‌ಸನ್ ಮತ್ತು ಸಂಗಡಿಗರು ಚಿತ್ರಕೂಟ ಭಾಗದ ಬಂಡೆಯಿಂದ ಹೊಸದಾಗಿ ಮಾದರಿ ಪಡೆದು ಪರೀಕ್ಷಿಸಿದರು. ಪಳೆಯುಳಿಕೆಗಳಿದ್ದ ಅದೇ ಕಲ್ಲಿನ ವಯಸ್ಸನ್ನೂ ಅಳೆದರು. 2009ರಲ್ಲಿ ಪ್ರಕಟವಾದ ಉತ್ತರ ಹೀಗಿತ್ತು: ಪಳೆಯುಳಿಕೆಗಳು ನಿಜ, ಆದರೆ ಅವುಗಳ ವಯಸ್ಸು 54 ಕೋಟಿಯಲ್ಲ, ಸುಮಾರು 165 ಕೋಟಿ ವರ್ಷ. ಭ್ರೂಣದಂತೆ ಕಂಡ ಕೆಲವು ಗುಂಡುಗಳು ಮಾತ್ರ ಪಳೆಯುಳಿಕೆಗಳಲ್ಲ, ಸಯನೋಬ್ಯಾಕ್ಟೀರಿಯಾದ ಲೋಳೆಯಲ್ಲಿ ಸಿಕ್ಕಿಬಿದ್ದ ಗಾಳಿಗುಳ್ಳೆಗಳ ಗುರುತು.

2017ರಲ್ಲಿ ಅದೇ ತಂಡ ಅಲ್ಲಿಂದ ಕೆಂಪು ಪಾಚಿಯನ್ನು ಹೋಲುವ ಎರಡು ಜೀವಿಗಳನ್ನು ವಿವರಿಸಿತು. ಅದು ಸರಿಯಾದರೆ ಜಗತ್ತಿನ ಅತಿ ಹಳೆಯ ಸಸ್ಯಸದೃಶ ಪಳೆಯುಳಿಕೆಗಳಲ್ಲಿ ಇವು ಸೇರುತ್ತವೆ. ಒಂದಕ್ಕೆ ಇಟ್ಟ ಹೆಸರು ‘ರಫತಾಜ್ಮಿಯಾ ಚಿತ್ರಕೂಟೆನ್ಸಿಸ್’. ಒಮ್ಮೆ ಅನುಮಾನಕ್ಕೆ ಗುರಿಯಾದ ವಿಜ್ಞಾನಿಯ ಹೆಸರೂ, ಊರಿನ ಹೆಸರೂ ಅದರಲ್ಲಿವೆ. ಬಂಡೆ ತನ್ನ ಜಾಗದಲ್ಲಿ ಉಳಿದಿರದಿದ್ದರೆ, ಜಾಗ ಯಾವುದೆಂದು ಗೊತ್ತಿರದಿದ್ದರೆ ಈ ಮರುಪರೀಕ್ಷೆ ಸಾಧ್ಯವಾಗುತ್ತಿರಲಿಲ್ಲ.

ಎರಡನೆಯದು: ಭೀಮಬೇಟ್ಕಾದ ಹೆಜ್ಜೇನು

ಮಧ್ಯಪ್ರದೇಶದ ಭೀಮಬೇಟ್ಕಾದ ಗುಹೆಯ ಛಾವಣಿಯಲ್ಲಿ ‘ಡಿಕಿನ್ಸೋನಿಯಾ’ ಎಂಬ ಬಹು ಹಳೆಯ ಜೀವಿಯ ಪಳೆಯುಳಿಕೆ ಇದೆ ಎಂದು 2021ರಲ್ಲಿ ಸುದ್ದಿಯಾಯಿತು. ಇದೂ ವಿಂಧ್ಯದ ಮರಳುಗಲ್ಲೇ. ಭೀಮಬೇಟ್ಕಾ ವಿಶ್ವ ಪರಂಪರೆಯ ತಾಣವಾದ್ದರಿಂದ ಅದನ್ನು ಯಾರೂ ಕಿತ್ತು ಒಯ್ಯಲಿಲ್ಲ. ಅಮೆರಿಕದ ಜೋಸೆಫ್ ಮೀರ್ಟ್ ಮತ್ತು ಸಂಗಡಿಗರು ಅಲ್ಲಿಗೆ ಹೋಗಿ ನೋಡಿದಾಗ ‘ಪಳೆಯುಳಿಕೆ’ ಕಳಚಿಕೊಳ್ಳುತ್ತಿತ್ತು! ಅದು ಹೆಜ್ಜೇನು ಬಿಟ್ಟುಹೋದ ಗೂಡಿನ ಗುರುತು ಎಂದು 2023ರಲ್ಲಿ ಅವರು ಪ್ರಕಟಿಸಿದರು. ಮೊದಲು ವರದಿ ಮಾಡಿದವರೂ ಅದನ್ನು ಒಪ್ಪಿಕೊಂಡರು.

ಮೂರನೆಯದು: ಅಲೆದಾಡಿದ ಪಳೆಯುಳಿಕೆಗಳು

1989ರಲ್ಲಿ ಆಸ್ಟ್ರೇಲಿಯಾದ ಭೂವಿಜ್ಞಾನಿ ಜಾನ್ ಟ್ಯಾಲೆಂಟ್ ‘ನೇಚರ್’ ಪತ್ರಿಕೆಯಲ್ಲಿ ಗಂಭೀರ ಆರೋಪವೊಂದನ್ನು ಮುಂದಿಟ್ಟರು. ಭಾರತದ ಪ್ರಾಧ್ಯಾಪಕರೊಬ್ಬರು ಹಿಮಾಲಯದಲ್ಲಿ ಸಿಕ್ಕಿದವೆಂದು ಎರಡು ದಶಕಕ್ಕೂ ಹೆಚ್ಚು ಕಾಲ ಪ್ರಕಟಿಸಿದ ಹಲವು ಪಳೆಯುಳಿಕೆಗಳು ಬೇರೆ ದೇಶಗಳಿಂದ ಬಂದಂತಿವೆ ಎಂಬುದು ಆ ಆರೋಪ. ಮೊರಾಕ್ಕೊದ ಅಮೋನೈಟ್‌ಗಳು, ನ್ಯೂಯಾರ್ಕ್ ರಾಜ್ಯದ ತೊರೆಯೊಂದರ ಸೂಕ್ಷ್ಮ ಪಳೆಯುಳಿಕೆಗಳು ಹಿಮಾಲಯದ ಲೆಕ್ಕಕ್ಕೆ ಸೇರಿದ್ದವು ಎನ್ನಲಾಯಿತು. ಹೇಳಿದ ಜಾಗಕ್ಕೆ ಹೋದರೆ ಅಂಥವು ಸಿಗುವುದಿಲ್ಲ ಎಂಬುದೇ ಅನುಮಾನಕ್ಕೆ ಮುಖ್ಯ ಕಾರಣವಾಗಿತ್ತು. ಹಿಮಾಲಯದ ಆ ಭಾಗಗಳ ಬಗ್ಗೆ ಬರೆದದ್ದರಲ್ಲಿ ಯಾವುದನ್ನು ನಂಬಬೇಕು ಎಂದು ಇತರ ಸಂಶೋಧಕರು ಮತ್ತೆ ಮೊದಲಿನಿಂದ ನೋಡಬೇಕಾಯಿತು.

ಕಾನೂನು ಏನು ಹೇಳುತ್ತದೆ?

ಪಳೆಯುಳಿಕೆಗಳ ರಕ್ಷಣೆಗೆಂದೇ ಭಾರತದಲ್ಲಿ ಪ್ರತ್ಯೇಕ ಕಾನೂನು ಜಾರಿಯಲ್ಲಿಲ್ಲ. ಕೇಂದ್ರ ಗಣಿ ಸಚಿವಾಲಯ 2022ರ ಡಿಸೆಂಬರ್‌ನಲ್ಲಿ ಭೂಪರಂಪರೆ ತಾಣಗಳ ಸಂರಕ್ಷಣಾ ಮಸೂದೆಯ ಕರಡನ್ನು ಸಾರ್ವಜನಿಕರ ಅಭಿಪ್ರಾಯಕ್ಕಾಗಿ ಪ್ರಕಟಿಸಿತ್ತು. ಭೂವೈಜ್ಞಾನಿಕ ಸರ್ವೇಕ್ಷಣೆ ಕೆಲವು ತಾಣಗಳನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಎಂದು ಘೋಷಿಸಿದೆ. ಆದರೆ ಆ ಘೋಷಣೆಯ ಹಿಂದೆ ಕಾನೂನಿನ ಬಲ ಹೆಚ್ಚಿಲ್ಲ.

ಹಾಗೆಂದು ಸಾಲ್‌ಖನ್‌ನಲ್ಲಿ ಕಲ್ಲು ಎತ್ತಲು ಯಾರ ಅಡ್ಡಿಯೂ ಇಲ್ಲ ಎಂದು ತಿಳಿಯಬಾರದು. ಈ ಉದ್ಯಾನ ಅರಣ್ಯ ಪ್ರದೇಶದಲ್ಲಿದೆ, ಕೈಮೂರ್ ವನ್ಯಜೀವಿ ಧಾಮಕ್ಕೆ ಹೊಂದಿಕೊಂಡಿದೆ. 1927ರ ಭಾರತೀಯ ಅರಣ್ಯ ಕಾಯ್ದೆಯು ಕಾಡಿನಲ್ಲಿ ಸಿಗುವ ಕಲ್ಲು, ಖನಿಜಗಳನ್ನೂ ‘ಅರಣ್ಯ ಉತ್ಪನ್ನ’ ಎಂದೇ ಪರಿಗಣಿಸುತ್ತದೆ. ಆ ಪಟ್ಟಿಯಲ್ಲಿ ಸುಣ್ಣದಕಲ್ಲಿನ ಹೆಸರು ನೇರವಾಗಿಯೇ ಇದೆ. ಮೀಸಲು ಅರಣ್ಯದಲ್ಲಿ ಅನುಮತಿ ಇಲ್ಲದೆ ಕಲ್ಲು ತೆಗೆಯುವುದು ಅಪರಾಧ. ವನ್ಯಜೀವಿ ಧಾಮದೊಳಗಾದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯೂ ಅನ್ವಯಿಸುತ್ತದೆ. ಸಂಶೋಧನೆಗಾಗಿ ಮಾದರಿ ಬೇಕಿದ್ದರೆ ಸಂಸ್ಥೆಯ ಮೂಲಕ ಅರಣ್ಯ ಇಲಾಖೆಯ ಲಿಖಿತ ಅನುಮತಿ ಪಡೆಯಬೇಕು.

ಬೇರೆ ದೇಶಗಳಲ್ಲಿ ಹೇಗೆ?

ಪಳೆಯುಳಿಕೆ ಹುಡುಕಲು ಸಂಘ ಕಟ್ಟಿಕೊಂಡು ಹೊರಡುವ ಪದ್ಧತಿ ಬ್ರಿಟನ್‌ನಲ್ಲಿ ಹಳೆಯದು. ಹವ್ಯಾಸಿಗಳೂ ಸೇರಬಹುದಾದ ಜಿಯಾಲಜಿಸ್ಟ್ಸ್ ಅಸೋಸಿಯೇಷನ್ ಲಂಡನ್‌ನಲ್ಲಿ ಶುರುವಾದದ್ದು 1858ರಲ್ಲಿ. ಇಂಗ್ಲೆಂಡಿನ ದಕ್ಷಿಣ ಕರಾವಳಿಯ ಡಾರ್ಸೆಟ್‌ನಲ್ಲಿ ಸಮುದ್ರವೇ ಬಂಡೆಯನ್ನು ಕೊರೆದು ಪಳೆಯುಳಿಕೆಗಳನ್ನು ದಂಡೆಗೆ ಬೀಳಿಸುತ್ತದೆ. ಎತ್ತದೆ ಬಿಟ್ಟರೆ ಅಲೆಗಳು ಅವನ್ನು ಪುಡಿ ಮಾಡುತ್ತವೆ. ಆದ್ದರಿಂದ ಅಲ್ಲಿ ಕೆಳಗೆ ಬಿದ್ದದ್ದನ್ನು ಹೆಕ್ಕಲು ಅವಕಾಶವಿದೆ. ಮುಖ್ಯವಾದದ್ದು ಸಿಕ್ಕರೆ ದಾಖಲಿಸಬೇಕು, ಬಂಡೆಯನ್ನು ಅನುಮತಿ ಇಲ್ಲದೆ ಅಗೆಯಬಾರದು ಎಂಬ ನಿಯಮಾವಳಿ ಇದೆ. ಅಮೆರಿಕದ ಕೆಲವು ಸಾರ್ವಜನಿಕ ಭೂಮಿಗಳಲ್ಲಿ ಸಾಮಾನ್ಯ ಚಿಪ್ಪು, ಎಲೆಗಳ ಪಳೆಯುಳಿಕೆಗಳನ್ನು ಸ್ವಂತಕ್ಕೆ ಸ್ವಲ್ಪ ಪ್ರಮಾಣದಲ್ಲಿ ಆರಿಸಬಹುದು. ಬೆನ್ನೆಲುಬುಳ್ಳ ಪ್ರಾಣಿಗಳ ಪಳೆಯುಳಿಕೆಗೆ ಅನುಮತಿ ಕಡ್ಡಾಯ.

ಸಾಲ್‌ಖನ್‌ನ ಸ್ಥಿತಿ ಬೇರೆ. ಇಲ್ಲಿ ಹೊಸ ಪಳೆಯುಳಿಕೆಗಳನ್ನು ತಂದುಹಾಕುವ ಸಮುದ್ರವಿಲ್ಲ. ಬಂಡೆಯ ಮೇಲ್ಮೈಯಲ್ಲಿ ಇರುವುದಷ್ಟೇ ಲೆಕ್ಕ. ಒಬ್ಬರು ಒಂದು ಉಂಗುರ ಒಡೆದರೆ ಮುಂದೆ ಬರುವವರಿಗೆ ಒಂದು ಉಂಗುರ ಕಡಿಮೆ.

ತಂಡ ಹೋದಾಗ ಏನು ಮಾಡಬಹುದು?

ಕಲ್ಲು ತರುವಂತಿಲ್ಲ ಎಂದರೆ ಪ್ರವಾಸ ವ್ಯರ್ಥ ಎಂದೇನೂ ಅಲ್ಲ. ಕಾಲೇಜು ತಂಡಗಳು, ವಿಜ್ಞಾನ ಸಂಘಗಳು ಸುತ್ತಿಗೆ ಬಿಟ್ಟು ಹೋಗಿಯೂ ಸಾಕಷ್ಟು ಸಂಗ್ರಹ ಮಾಡಿಕೊಂಡು ಬರಬಹುದು.

* ಹೋಗುವ ಮೊದಲು ಅರಣ್ಯ ಇಲಾಖೆಗೆ ತಿಳಿಸಿ. ತಂಡ ದೊಡ್ಡದಿದ್ದರೆ ಹತ್ತು ಹದಿನೈದು ಜನರ ಗುಂಪುಗಳಾಗಿ ವಿಂಗಡಿಸಿಕೊಳ್ಳಿ.

* ಪ್ರತಿ ಫೋಟೊದಲ್ಲೂ ಅಳತೆಪಟ್ಟಿ ಇರಲಿ. ಅದಿಲ್ಲದಿದ್ದರೆ ಒಂದು ನಾಣ್ಯವಾದರೂ ಸಾಕು. ಅಳತೆ ಇಲ್ಲದ ಫೋಟೊದಲ್ಲಿ ಉಂಗುರ ಒಂದು ಗೇಣೋ, ಒಂದು ಮಾರೋ ತಿಳಿಯುವುದಿಲ್ಲ.

* ಮೊಬೈಲ್‌ನ ಜಿಪಿಎಸ್ ಬಳಸಿ ಜಾಗ ಗುರುತು ಹಾಕಿಕೊಳ್ಳಿ. ದಿಕ್ಸೂಚಿಯಿಂದ ಉಂಗುರಗಳ ಉದ್ದನೆಯ ದಿಕ್ಕನ್ನು ಬರೆದಿಟ್ಟುಕೊಳ್ಳಿ. ಐವತ್ತು ಉಂಗುರಗಳ ಉದ್ದ, ಅಗಲ, ದಿಕ್ಕು ಅಳೆದರೆ ಅಂದಿನ ಅಲೆಗಳ ದಿಕ್ಕಿನ ಬಗ್ಗೆ ವಿದ್ಯಾರ್ಥಿಗಳೇ ಒಂದು ಅಂದಾಜಿಗೆ ಬರಬಹುದು.

* ನೋಟ್‌ಪುಸ್ತಕದಲ್ಲಿ ಚಿತ್ರ ಬರೆಯಿರಿ. ಫೋಟೊ ತೆಗೆದ ಕಣ್ಣಿಗೆ ತಪ್ಪಿದ್ದು ಚಿತ್ರ ಬರೆಯುವ ಕಣ್ಣಿಗೆ ಬೀಳುತ್ತದೆ. ಭೂತಗನ್ನಡಿ ಜೊತೆಗಿದ್ದರೆ ಪದರಗಳನ್ನು ಎಣಿಸಬಹುದು.

* ಒಂದೇ ಬಂಡೆಯನ್ನು ಸುತ್ತಲೂ ಹತ್ತಾರು ಕೋನಗಳಿಂದ ಫೋಟೊ ತೆಗೆದು, ಕಂಪ್ಯೂಟರ್‌ನಲ್ಲಿ ಜೋಡಿಸಿ ಮೂರು ಆಯಾಮದ ಮಾದರಿ ತಯಾರಿಸಬಹುದು. ಶಾಲೆಯಲ್ಲಿ ಉಳಿದ ಮಕ್ಕಳಿಗೆ ತೋರಿಸಲು ಇದು ಒಡೆದ ಚೂರಿಗಿಂತ ಮೇಲು.

* ಸುಣ್ಣದಕಲ್ಲು ಹೌದೋ ಅಲ್ಲವೋ ಎಂದು ನೋಡಲು ತೆಳು ಆಸಿಡ್ ಹನಿ ಹಾಕುವ ರೂಢಿ ಭೂವಿಜ್ಞಾನದಲ್ಲಿದೆ. ಉದ್ಯಾನದ ಪಳೆಯುಳಿಕೆಗಳ ಮೇಲೆ ಈ ಪ್ರಯೋಗ ಬೇಡ. ಆಸಿಡ್ ಕಲ್ಲನ್ನು ಕರಗಿಸುತ್ತದೆ.

* ಉಂಗುರಗಳ ಮೇಲೆ ಕೂರುವುದು, ಸೀಮೆಸುಣ್ಣ ಅಥವಾ ಬಣ್ಣದಿಂದ ಗೆರೆ ಎಳೆಯುವುದು, ಹೆಸರು ಕೆತ್ತುವುದು ಬೇಡ.

ಕಲ್ಲನ್ನು ಕೈಯಲ್ಲಿ ಹಿಡಿದು ನೋಡಬೇಕೆಂಬ ಆಸೆ ಇದ್ದವರಿಗೆ ವಸ್ತುಸಂಗ್ರಹಾಲಯಗಳಿವೆ. ವಾರಾಣಸಿಯ ಬನಾರಸ್ ಹಿಂದೂ ವಿಶ್ವವಿದ್ಯಾಲಯದ ಭೂವಿಜ್ಞಾನ ವಿಭಾಗ ದೇಶದ ಹಳೆಯ ವಿಭಾಗಗಳಲ್ಲಿ ಒಂದು. ಅಲ್ಲಿಗೆ ಮುಂಚಿತವಾಗಿ ಪತ್ರ 쓰ದು ಭೇಟಿ ನೀಡಬಹುದು. ಲಖನೌದ ಬೀರ್‌ಬಲ್ ಸಾಹ್ನಿ ಸಂಸ್ಥೆಯು ಪ್ರಾಚೀನ ಜೀವಿಗಳ ಅಧ್ಯಯನಕ್ಕೇ ಮೀಸಲು. 1949ರ ಏಪ್ರಿಲ್ 3ರಂದು ಜವಾಹರಲಾಲ್ ನೆಹರೂ ಇಟ್ಟ ಅದರ ಅಡಿಗಲ್ಲಿನಲ್ಲೇ ಪಳೆಯುಳಿಕೆಗಳನ್ನು ಕೂರಿಸಲಾಗಿದೆ.

ಕರ್ನಾಟಕದಲ್ಲೂ ಇವೆ

ಸ್ಟ್ರೋಮಟೊಲೈಟ್ ನೋಡಲು ಸೋನ್ ಕಣಿವೆಗೇ ಹೋಗಬೇಕೆಂದಿಲ್ಲ. ತುಮಕೂರು ಜಿಲ್ಲೆಯ ದೊಡ್ಡಗುಣಿ, ಚಿತ್ರದುರ್ಗ ಜಿಲ್ಲೆಯ ಮಾರಿಕಣಿವೆ ಪ್ರದೇಶ, ಶಿವಮೊಗ್ಗ ಜಿಲ್ಲೆಯ ಕುಂಸಿಗಳ ಧಾರವಾಡ ಶಿಲೆಗಳಲ್ಲಿ ಇವು ವರದಿಯಾಗಿವೆ. ಇವುಗಳ ವಯಸ್ಸು 260 ಕೋಟಿ ವರ್ಷಕ್ಕೂ ಹೆಚ್ಚು, ಅಂದರೆ ಸಾಲ್‌ಖನ್‌ಗಿಂತ ನೂರು ಕೋಟಿ ವರ್ಷ ಹಳೆಯವು. ಬಾಗಲಕೋಟೆ ಸುತ್ತಲಿನ ಕಲಾದಗಿ ಶಿಲಾಸಮೂಹದಲ್ಲೂ ಸ್ಟ್ರೋಮಟೊಲೈಟ್‌ಗಳಿವೆ.

ಧಾರವಾಡ ಶಿಲೆಗಳು ಭೂಮಿಯೊಳಗಿನ ಒತ್ತಡ, ಶಾಖಕ್ಕೆ ಸಿಕ್ಕಿ ಮಡಿಚಿಕೊಂಡಿವೆ. ಹಾಗಾಗಿ ಇಲ್ಲಿನ ರಚನೆಗಳನ್ನು ಗುರುತಿಸಲು ತಿಳಿದವರ ನೆರವು ಬೇಕು. ವಿಂಧ್ಯದ ಬಂಡೆಗಳು ಅಷ್ಟು ಕಾಲ ಕಳೆದರೂ ಹೆಚ್ಚು ನಲುಗದೆ ಉಳಿದಿವೆ. ಸಾಲ್‌ಖನ್‌ನ ಉಂಗುರಗಳು ಸಾಮಾನ್ಯರ ಕಣ್ಣಿಗೂ ಇಷ್ಟು ಸ್ಪಷ್ಟವಾಗಿ ಕಾಣುವುದಕ್ಕೆ ಅದೇ ಕಾರಣ.

ಪಳೆಯುಳಿಕೆ ಇಲ್ಲದಿದ್ದರೂ ಬೆಂಗಳೂರಿನ ಲಾಲ್‌ಬಾಗ್ ಬಂಡೆ, ಚಿತ್ರದುರ್ಗ ಬಳಿಯ ಮರಡಿಹಳ್ಳಿಯ ದಿಂಬಿನಾಕಾರದ ಲಾವಾ, ಉಡುಪಿಯ ಸೇಂಟ್ ಮೇರೀಸ್ ದ್ವೀಪದ ಕಂಬಶಿಲೆಗಳು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕಗಳು. ಬಂಡೆ ಓದುವುದನ್ನು ಕಲಿಯಲು ಶಾಲಾ ಮಕ್ಕಳನ್ನು ಇಲ್ಲಿಂದಲೇ ಶುರು ಮಾಡಿಸಬಹುದು.

ಮುಂದೇನು?

ಸುಣ್ಣದಕಲ್ಲು ಎಂದರೆ ಸಿಮೆಂಟ್‌ನ ಕಚ್ಚಾವಸ್ತು. ಸೋನ್‌ಭದ್ರ ಜಿಲ್ಲೆಯ ಚುರ್ಕ್, ಡಾಲಾಗಳು ಸಿಮೆಂಟ್ ಕಾರ್ಖಾನೆಗಳಿಂದಲೇ ಹೆಸರಾದ ಊರುಗಳು. ಕಲ್ಲು ಗಣಿಗಾರಿಕೆ ಇಲ್ಲಿನ ಸಾವಿರಾರು ಜನರ ಹೊಟ್ಟೆಪಾಡು ಕೂಡ. ಇಂಥ ಜಿಲ್ಲೆಯಲ್ಲಿ 25 ಹೆಕ್ಟೇರ್ ಬಂಡೆಯನ್ನು ಹಾಗೆಯೇ ಉಳಿಸಿಕೊಳ್ಳಲು ಅದರ ಬೆಲೆ ಏನೆಂದು ಸ್ಥಳೀಯರಿಗೂ, ಬರುವವರಿಗೂ ತಿಳಿದಿರಬೇಕು. ಪ್ರವಾಸಿಗರು ಹೆಚ್ಚಿದರೆ ಊರಿನವರಿಗೆ ಆದಾಯ ಸಿಗುತ್ತದೆ. ಅದರ ಜೊತೆಗೇ ಬಂಡೆಯ ಮೇಲೆ ಓಡಾಡುವ ಕಾಲುಗಳೂ, ಚೂರಿಗಾಗಿ ಚಾಚುವ ಕೈಗಳೂ ಹೆಚ್ಚುತ್ತವೆ. ಯುನೆಸ್ಕೊ ಪಟ್ಟಿಯ ಮುಂದಿನ ಹಂತಗಳಲ್ಲಿ ತಾಣದ ನಿರ್ವಹಣೆ, ರಕ್ಷಣೆ ಹೇಗಿದೆ ಎಂಬುದನ್ನೂ ಪರಿಶೀಲಿಸಲಾಗುತ್ತದೆ.

ಕಾಶಿಯಾತ್ರೆಗೆ ಹೊರಟವರು ಒಂದು ದಿನ ಹೆಚ್ಚು ಇಟ್ಟುಕೊಂಡರೆ ಸಾಲ್‌ಖನ್ ನೋಡಿ ಬರಬಹುದು. ಕಾಶಿಗೆ ಹೋದವರು ಇಷ್ಟವಾದುದೊಂದನ್ನು ಅಲ್ಲೇ ಬಿಟ್ಟು ಬರುವ ಪದ್ಧತಿ ನಮ್ಮಲ್ಲಿದೆ. ಸಾಲ್‌ಖನ್‌ಗೆ ಹೋದವರು ಅಲ್ಲಿನ ಕಲ್ಲನ್ನು ಅಲ್ಲೇ ಬಿಟ್ಟು ಬಂದರೆ ಸಾಕು.